ಸೆಲ್ವಿ ಇಲ್ಲೇ ಉಳಿದದ್ದು ಯಾಕೆ

ಸೆಲ್ವಿಗೆ ಪಾಸ್‌ಪೋರ್ಟ್ ಬೇಕಾದ ಹೊತ್ತಿಗೆ ಸಿಗದಂತೆ ಮಾಡಿದವಳು ನಾನು. ಪೊಲೀಸರಲ್ಲ, ಅವಳ ಹಣೆಬರಹವೂ ಅಲ್ಲ — ನಾನು. ವಿದ್ಯಾನಗರದ ನನ್ನ ಮನೆಯ ಬಾಗಿಲಲ್ಲಿ ನಿಂತು, ಹಾಡಹಗಲಲ್ಲಿ, ಪೂರ್ತಿ ಎಚ್ಚರದಲ್ಲಿ ಒಂದು ಸುಳ್ಳು ಹೇಳಿದೆ. ಹೇಳಲು ಒಂದು ಉಸಿರು ಸಾಕಾಯಿತು. ಒಪ್ಪಿಕೊಳ್ಳಲು ಮಾತ್ರ ಇಷ್ಟು ವರ್ಷ —

ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದವಳು. ಜನ ಯಾಕೆ ದೇಶ ಬಿಟ್ಟು ಹೋಗುತ್ತಾರೆ, ಹೋದವರ ಲೆಕ್ಕವನ್ನು ಎಷ್ಟರಮಟ್ಟಿಗೆ ನಂಬಬಹುದು — ಇದೇ ನನ್ನ ಅಧ್ಯಯನದ ವಿಷಯ. ಆದ್ದರಿಂದ ತಿಳಿಯದೆ ಮಾಡಿದೆ ಎನ್ನುವ ದಾರಿ ನನಗಿಲ್ಲ. ಆ ಒಂದು ಸುಳ್ಳಿನಿಂದ ಯಾವ ಲೆಕ್ಕ ಹೇಗೆ ತಪ್ಪುತ್ತದೆ ಎಂಬುದು ನನ್ನಷ್ಟು ಚೆನ್ನಾಗಿ ಊರಲ್ಲಿ ಯಾರಿಗೂ ಗೊತ್ತಿರಲಿಕ್ಕಿಲ್ಲ.

ಸೆಲ್ವಿ ಭದ್ರಾವತಿಯ ನ್ಯೂ ಟೌನಿನ ಹುಡುಗಿ. ಅವಳ ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದಾಗ ನಮ್ಮ ಮಹಡಿಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದಳು. ನಾನು ಮದುವೆಯಾದವಳಲ್ಲ, ಮನೆಯಲ್ಲಿ ನಾನು ಮತ್ತು ನನ್ನ ತಾಯಿ, ಅಷ್ಟೇ. ಅಮ್ಮ ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಬಂದ ವಾರವೇ ಸೆಲ್ವಿ ಕೆಳಗಿಳಿದು ಬಂದು, ನಾನು ಅಮ್ಮನನ್ನು ಮಗ್ಗುಲಾಗಿಸುವ ರೀತಿ ನೋಡಿ, "ಅಕ್ಕ, ಹಾಗೆ ಎಳೀಬೇಡಿ, ನೋವಾಗುತ್ತೆ. ನೀವು ಸರೀರಿ" ಎಂದಳು. ಅಂದಿನಿಂದ ಅಮ್ಮನ ಸ್ನಾನ ಅವಳ ಪಾಲಾಯಿತು. ನಾನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಡ್ಯೂಟಿಗೆ ಹೋಗುವ ಮುಂಚೆ ಬಿಸಿನೀರಿನ ಬಕೆಟ್ ಹಿಡಿದು ಬರುತ್ತಿದ್ದಳು. ಒಳಗಿನಿಂದ ಇಬ್ಬರ ನಗು ಕೇಳಿಸುತ್ತಿತ್ತು.

"ಈ ಮಾರಾಯ್ತಿ ಬಂದ್ಮೇಲೆ ನಂಗೆ ನಡಿಯಕ್ಕಾಗಲ್ಲ ಅನ್ನೋದೇ ಮರ್ತುಹೋಗುತ್ತೆ ನೋಡು," ಎನ್ನುತ್ತಿದ್ದರು ಅಮ್ಮ.

ಅವಳು ಅಮ್ಮನನ್ನು ಅಮ್ಮ ಎಂದೇ ಕರೆಯುತ್ತಿದ್ದಳು. ನನ್ನ ಮನೆ ಅಷ್ಟು ತುಂಬಿಕೊಂಡಿದ್ದನ್ನು ನಾನು ಮೊದಲಾಗಲಿ ಆಮೇಲಾಗಲಿ ಕಂಡಿಲ್ಲ.

ಆ ವರ್ಷ ನಾನು ನ್ಯೂ ಟೌನಿನಲ್ಲಿ ಒಂದು ಸಣ್ಣ ಸಮೀಕ್ಷೆ ಮಾಡುತ್ತಿದ್ದೆ. ಮನೆಮನೆಗೆ ಹೋಗಿ, ನಿಮ್ಮಲ್ಲಿ ಯಾರಾದರೂ ಹೊರದೇಶಕ್ಕೆ ಹೋಗಿದ್ದಾರೆಯೇ, ಹೋಗಿದ್ದರೆ ಯಾಕೆ ಎಂದು ಕೇಳುವ ಕೆಲಸ. ತಮಿಳು ಮನೆಗಳಲ್ಲಿ ಮಾತಾಡಲು ಸೆಲ್ವಿ ರಜೆಯ ದಿನ ಜೊತೆಗೆ ಬರುತ್ತಿದ್ದಳು. ಒಂದು ಮನೆಯಲ್ಲಿ ವಯಸ್ಸಾದ ಹೆಂಗಸೊಬ್ಬರು "ಯಾರೂ ಹೋಗಿಲ್ಲಮ್ಮ" ಎಂದರು. ನಾನು ಹಾಗೇ ಗುರುತು ಮಾಡಿಕೊಂಡೆ. ಹೊರಗೆ ಬಂದಮೇಲೆ ಸೆಲ್ವಿ ಹೇಳಿದಳು — ಅವರ ಮಗಳು ಕುವೈತಿನಲ್ಲಿ ಮನೆಗೆಲಸಕ್ಕಿದ್ದಾಳೆ. ನೆಂಟರಿಗೆಲ್ಲ ಕೊಯಮತ್ತೂರಿನಲ್ಲಿದ್ದಾಳೆ ಎಂದು ಹೇಳಿಟ್ಟಿದ್ದಾರೆ. ಪ್ರವಾಸದ ವೀಸಾದಲ್ಲಿ ಹೋದವಳು, ಹಾಗಾಗಿ ಸರ್ಕಾರದ ಲೆಕ್ಕದಲ್ಲೂ ಇಲ್ಲ, ಈಗ ನನ್ನದರಲ್ಲೂ ಇಲ್ಲ. ಇನ್ನೊಂದು ಮನೆಯಲ್ಲಿ ನಿವೃತ್ತರೊಬ್ಬರು ಎದೆಯುಬ್ಬಿಸಿ "ಮಗ ದುಬೈನಲ್ಲಿದಾನೆ" ಎಂದರು. ಅವನು ಯಾವತ್ತೋ ವಾಪಸು ಬಂದು ಹೊಸೂರಿನಲ್ಲಿ ಲಾರಿ ಓಡಿಸುತ್ತಿದ್ದ. ಹೆಣ್ಣು ನೋಡುತ್ತಿದ್ದರಿಂದ ಸುದ್ದಿಯನ್ನು ಮನೆಯೊಳಗೇ ಇಟ್ಟುಕೊಂಡಿದ್ದರು.

ಹೋದವರನ್ನು ಅಷ್ಟೋ ಇಷ್ಟೋ ಎಣಿಸುತ್ತೇವೆ, ಬಂದವರನ್ನು ಎಣಿಸುವುದೇ ಇಲ್ಲ. ಕೆಲವು ದೇಶಗಳಿಗೆ ದುಡಿಯಲು ಹೋಗುವಾಗ ಸರ್ಕಾರದ ಅನುಮತಿ ಬೇಕಾದವರು ಮಾತ್ರ ಒಂದು ಕಡೆ ದಾಖಲಾಗುತ್ತಾರೆ. ಓದಲು ಹೋದವರು, ಗಂಡನ ಹಿಂದೆ ಹೋದವರು, ನೋಡಿಕೊಂಡು ಬರುತ್ತೇನೆಂದು ಹೋಗಿ ಅಲ್ಲೇ ಉಳಿದವರು ಆ ದಾಖಲೆಯಲ್ಲಿ ಸಿಗುವುದಿಲ್ಲ. ಇದನ್ನೆಲ್ಲ ತರಗತಿಯಲ್ಲಿ ವರ್ಷವರ್ಷ ಹೇಳಿದವಳು ನಾನು. ಆದರೆ "ಯಾಕೆ" ಎಂಬ ಪ್ರಶ್ನೆಯ ಬಗ್ಗೆ ನನಗೆ ತಿಳಿಸಿಕೊಟ್ಟದ್ದು ಸೆಲ್ವಿ. ಯಾರನ್ನು ಕೇಳಿದರೂ "ಸಂಬಳಕ್ಕೆ" ಎಂದೇ ಉತ್ತರ. ಬಸ್ಸಿಗೆ ಕಾಯುತ್ತಾ ನಾನು ಅದನ್ನೇ ಗೊಣಗಿಕೊಂಡೆ.

"ಹೊರಗಿನೋರು ಬಂದು ಕೇಳಿದ್ರೆ ಎಲ್ರೂ ಸಂಬಳ ಅಂತಾನೇ ಹೇಳೋದು ಅಕ್ಕ," ಎಂದಳು. "ಹಾಗಂದ್ರೆ ಆಮೇಲೆ ಯಾರೂ ಏನೂ ಕೇಳಲ್ಲ. ಗಂಡ ಹೊಡೀತಾನೆ ಅಂತ ಹೋದೆ ಅಂದ್ರೆ, ಕೂತು ಬುದ್ಧಿ ಹೇಳ್ತಾರೆ."

"ನಿನ್ನನ್ನ ಕೇಳಿದ್ರೆ?"

ಆಗಲೇ ಅವಳು ಹೇಳಿದ್ದು. ಮಸ್ಕತ್ತಿನ ಒಂದು ದೊಡ್ಡ ಆಸ್ಪತ್ರೆಗೆ ಆಯ್ಕೆಯಾಗಿದ್ದಳು. ಕಾಲೇಜಿನ ಗೆಳತಿಯರ ಜೊತೆ ಹೊರಡುವುದೆಂದು ನಿಶ್ಚಯವಾಗಿ, ಪಾಸ್‌ಪೋರ್ಟಿಗೆ ಅರ್ಜಿಯನ್ನೂ ಹಾಕಿಯಾಗಿತ್ತು. ನನಗೆ ಹೇಳಲು ಹೆದರಿಕೊಂಡಿದ್ದಳಂತೆ.

"ಸಂಬಳ ಜಾಸ್ತಿ, ಅದೇನೋ ನಿಜ. ಆದ್ರೆ ಅದಕ್ಕಲ್ಲ ಅಕ್ಕ. ಇಲ್ಲಿ ಪೇಷಂಟ್ ಕೈಬಿಟ್ಟು ಹೋಗ್ತಿದಾನೆ ಅಂತ ನಂಗೆ ಗೊತ್ತಾಗ್ತಿರುತ್ತೆ. ಆದ್ರೂ ಡಾಕ್ಟರ್ ಬರೋ ತನಕ ಕೈಕಟ್ಟಿ ನಿಂತಿರ್ಬೇಕು. ಅಲ್ಲಿ ನರ್ಸ್ ಮಾತಿಗೂ ಬೆಲೆ ಇದೆಯಂತೆ. ನಾನು ಎಂಥ ನರ್ಸ್ ಆಗಬಹುದು ಅಂತ ನಂಗೇ ಒಂದ್ಸಲ ನೋಡ್ಕೋಬೇಕು."

ಒಳ್ಳೆಯದಾಗಲಿ ಎಂದೆ. ಅಮ್ಮನಿಗೂ ನಾನೇ ಹೇಳಿದೆ. ಅಮ್ಮ "ಹೋಗಲಿ ಕಣೆ, ಹುಡುಗಿ ಮುಂದೆ ಬರಲಿ" ಎಂದರು. ನಾನೂ ಹಾಗೇ ಅಂದುಕೊಂಡಿದ್ದೆ — ಅಂದುಕೊಂಡಿದ್ದೇನೆ ಎಂದು ನಂಬಿದ್ದೆ.

ವಿಳಾಸದ ವಿಚಾರಣೆಗೆ ಪೊಲೀಸಿನವರು ಬಂದಾಗ ಸೆಲ್ವಿ ಡ್ಯೂಟಿಯಲ್ಲಿದ್ದಳು. ಬಂದವರು ನಡುವಯಸ್ಸಿನ, ಸೌಮ್ಯ ಮನುಷ್ಯ. ಬೈಕು ನಿಲ್ಲಿಸಿ, ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು ಬಂದರು.

"ಮೇಡಮ್, ಸೆಲ್ವಿ ಅನ್ನೋರು ಇಲ್ಲೇ ಇರೋದಾ?"

ಮೇಲೆ ಮಹಡಿಯ ತಂತಿಯಲ್ಲಿ ಅವಳ ಬಿಳಿ ಯೂನಿಫಾರ್ಮ್ ಒಣಗುತ್ತಿತ್ತು. ಹೌದು ಎನ್ನುವುದಕ್ಕೆಂದೇ ನಾನು ಬಾಯಿ ತೆರೆದದ್ದು. ಆದರೆ ಬಂದ ಮಾತು ಬೇರೆ.

"ಇದ್ರು. ಈಗಿಲ್ಲ. ಖಾಲಿ ಮಾಡ್ಕೊಂಡು ಹೋದ್ರು."

"ಎಲ್ಲಿಗೆ ಅಂತ ಗೊತ್ತಾ ಮೇಡಮ್?"

"ಗೊತ್ತಿಲ್ಲ."

ಅವರು ತಲೆಯಾಡಿಸಿ, ಬರೆದುಕೊಂಡು ಹೋದರು. ಪಾಪ, ಅವರ ತಪ್ಪೇನೂ ಇಲ್ಲ. ಮನೆಯ ಯಜಮಾನಿ, ಕಾಲೇಜಿನ ಮೇಡಮ್ — ನನ್ನ ಮಾತನ್ನು ಯಾಕೆ ಅನುಮಾನಿಸಬೇಕು?

ಬಾಗಿಲು ಹಾಕಿ ಒಳಗೆ ಬಂದೆ. ಅಮ್ಮ ಹಾಸಿಗೆಯಿಂದಲೇ ಎಲ್ಲ ಕೇಳಿಸಿಕೊಂಡಿದ್ದರು. ನನ್ನ ಮುಖ ನೋಡಲಿಲ್ಲ. "ಈಗ್ಲೇ ಓಡಿಹೋಗಿ ಅವರನ್ನ ಕರಿ. ಇಲ್ಲ, ಸಾಯಂಕಾಲ ಅವಳು ಬಂದ ಕೂಡಲೇ ಹೇಳ್ಬಿಡು" ಎಂದರು. ಆಯ್ತು ಎಂದೆ. ಸಾಯಂಕಾಲ ಸೆಲ್ವಿ ಬಂದಳು, ಕಾಫಿ ಕುಡಿದಳು, ವಾರ್ಡಿನಲ್ಲಿ ನಡೆದದ್ದನ್ನು ಹೇಳಿ ನಗಿಸಿದಳು. ನಾನು ಹೇಳಲಿಲ್ಲ. ಮಾರನೆಯ ದಿನ ಹೇಳೋಣ ಎಂದುಕೊಂಡೆ, ಆಮೇಲೆ — ಆಮೇಲೆ ಅದು ಹೇಳಲಾಗದ ಮಾತಾಗಿಹೋಯಿತು.

ಪ್ರೀತಿಯಿಂದ ಮಾಡಿದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಪ್ರೀತಿ ಇತ್ತು, ಅದು ಸುಳ್ಳಲ್ಲ. ಅವಳಿಲ್ಲದ ಮನೆ ನನಗೆ ಬೇಕಿರಲಿಲ್ಲ. ಆದರೆ ಜೊತೆಗೆ ಅನುಕೂಲವೂ ಇತ್ತು — ಅಮ್ಮನನ್ನು ಎತ್ತುವ ಕೈ, ತೊಳೆಯುವ ಕೈ. ಯಾವುದು ಎಷ್ಟು ಎಂದು ಬಿಡಿಸಿ ಹೇಳಲು ಇವತ್ತಿಗೂ ನನ್ನಿಂದಾಗದು. ಊರಿನವರ ಕಾರಣಗಳನ್ನು ಕೇಳಲು ಹೊರಟವಳಿಗೆ ತನ್ನ ಕಾರಣವೇ —

ವಿಳಾಸದಲ್ಲಿ ವಾಸವಿಲ್ಲ ಎಂದು ವರದಿ ಹೋಯಿತು, ಅರ್ಜಿ ನಿಂತಿತು. ಸೆಲ್ವಿ ಕಚೇರಿಗಳಿಗೆ ಅಲೆದಳು. "ಆ ಪೊಲೀಸಪ್ಪ ಬರದೇನೇ ಬರ್ದು ಹಾಕಿರ್ತಾನೆ ಬಿಡಿ ಅಕ್ಕ" ಎಂದು ಅವಳು ಬೈದುಕೊಂಡಾಗ ನಾನು ತಲೆಯಾಡಿಸಿದೆ. ಹೀಗೆ ಆ ಒಳ್ಳೆಯ ಮನುಷ್ಯನ ಮೇಲೂ ನನ್ನ ತಪ್ಪನ್ನು ಹೊರಿಸಿದೆ. ಭದ್ರಾವತಿಯ ವಿಳಾಸ ಕೊಟ್ಟು ಮತ್ತೆ ಎಲ್ಲ ಮೊದಲಿನಿಂದ ಮಾಡುವಷ್ಟರಲ್ಲಿ ಗೆಳತಿಯರು ಮಸ್ಕತ್ತಿಗೆ ಹೊರಟುಹೋದರು, ಅವಳ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡರು. ಪಾಸ್‌ಪೋರ್ಟ್ ಕೈಗೆ ಬಂದಾಗ ಅವಳ ಅಪ್ಪನಿಗೆ ಪಾರ್ಶ್ವವಾಯು ಹೊಡೆದಿತ್ತು. ಇನ್ನು ಹೋಗುವ ಮಾತೇ ಇರಲಿಲ್ಲ. ಒಂದೂ ಮುದ್ರೆ ಬೀಳದೆ ಆ ಪಾಸ್‌ಪೋರ್ಟಿನ ಅವಧಿ ಮುಗಿಯಿತು.

ಅಪ್ಪನ ಆರೈಕೆಗೆ ಅವಳು ಭದ್ರಾವತಿಗೆ ಹಿಂತಿರುಗಿದಳು. ಅಲ್ಲಿಂದಲೇ ಬಸ್ಸಿನಲ್ಲಿ ಓಡಾಡುತ್ತಾ ಅಮ್ಮನನ್ನು ಕೊನೆಯವರೆಗೂ ನೋಡಿಕೊಂಡಳು. ಅಮ್ಮನ ಪ್ರಾಣ ಹೋದದ್ದು ಅವಳ ತೋಳಿನಲ್ಲಿ. ಆಮೇಲೆ ಮದುವೆಯಾಯಿತು, ಅಲ್ಲೇ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕೆ ಸೇರಿದಳು. ಪ್ರತಿ ಪೊಂಗಲಿಗೆ ನನ್ನನ್ನು ಕರೆಯುತ್ತಿದ್ದಳು. ನನಗೆ ಜ್ವರ ಬಂದರೆ ಫೋನಿನಲ್ಲೇ ಗದರುತ್ತಿದ್ದಳು. ಅವಳ ಪ್ರೀತಿಯಲ್ಲಿ ಒಂದು ದಿನವೂ ಕೊರತೆ ಕಾಣಲಿಲ್ಲ. ಅದನ್ನು ತೆಗೆದುಕೊಳ್ಳುತ್ತಾ ಬಂದೆ.

ಇತ್ತೀಚೆಗೆ ನಾನು ಕಲಿಸಿದ ಕಾಲೇಜಿನವರು ವಲಸೆಯ ಬಗ್ಗೆ ಒಂದು ಉಪನ್ಯಾಸಕ್ಕೆ ಕರೆದರು. ಸೆಲ್ವಿ ಚಕ್ಕುಲಿ ಡಬ್ಬಿ ಹಿಡಿದುಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಮಾತಿನ ಭರದಲ್ಲಿ — ಅವಳನ್ನು ಮೆಚ್ಚಿಸಬೇಕೆಂದೇ ಇರಬೇಕು — ನಾನು ಹೇಳಿದೆ: "ಹೋಗುವ ಅರ್ಹತೆ, ಅವಕಾಶ ಎಲ್ಲ ಇದ್ದೂ ನಮ್ಮವರ ಮೇಲಿನ ಅಕ್ಕರೆಯಿಂದ ಇಲ್ಲೇ ಉಳಿದ ನರ್ಸ್ ಒಬ್ಬರನ್ನು ನಾನು ಬಲ್ಲೆ. ಅಂಥವರನ್ನು ಯಾವ ಅಂಕಿಅಂಶವೂ ಲೆಕ್ಕಕ್ಕೆ ಹಿಡಿಯುವುದಿಲ್ಲ." ಚಪ್ಪಾಳೆ ಬಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಇಬ್ಬರೂ ಕೋಟೆಯ ಹತ್ತಿರದ ಹೋಟೆಲಿನಲ್ಲಿ ಕಾಫಿಗೆ ಕೂತೆವು. ಸೆಲ್ವಿ ಲೋಟವನ್ನು ತಿರುಗಿಸುತ್ತಾ ಮೆಲ್ಲಗೆ ಹೇಳಿದಳು:

"ಚೆನ್ನಾಗಿ ಮಾತಾಡಿದ್ರಿ ಅಕ್ಕ. ಆದ್ರೆ ನಾನು ಇಷ್ಟಪಟ್ಟು ಉಳೀಲಿಲ್ಲ ಅಲ್ವಾ. ಹೋಗೋಕಾಗ್ಲಿಲ್ಲ."

ಕೋಪವಿರಲಿಲ್ಲ. ಒಂದು ತಪ್ಪು ಲೆಕ್ಕ ಸರಿಪಡಿಸಿದಳು, ಅಷ್ಟೇ. ಅವಳನ್ನು ಬಸ್ಸು ಹತ್ತಿಸಿ ಮನೆಗೆ ಬಂದೆ. ಅವಳು ಹೋಗುವುದನ್ನು ತಡೆದದ್ದು ಸಾಲದೆಂದು ಅವಳ ಆಸೆಯನ್ನೇ ಇಲ್ಲವೆನ್ನಿಸಿದ್ದೆ — ಸಭೆಯಲ್ಲಿ, ಮೈಕಿನ ಮುಂದೆ.

ಆ ವಾರವೇ ನ್ಯೂ ಟೌನಿಗೆ ಹೋದೆ. ಮಧ್ಯಾಹ್ನ ಅವಳೊಬ್ಬಳೇ ಇದ್ದಳು, ಒಗೆದ ಬಟ್ಟೆ ಮಡಿಸುತ್ತಿದ್ದಳು. ಪೀಠಿಕೆ ಹಾಕಲಿಲ್ಲ. ಪೊಲೀಸಿನವರು ಬಂದಿದ್ದರು ಸೆಲ್ವಿ, ನೀನು ಇಲ್ಲ ಎಂದು ಹೇಳಿದ್ದು ನಾನೇ, ಎಂದೆ. ಅವಳ ಕೈ ನಿಂತಿತು. ಕೇಳಿದ್ದು ಒಂದೇ —

"ಅಮ್ಮಂಗೆ ಗೊತ್ತಿತ್ತಾ?"

ಇಲ್ಲ ಎಂದಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ. ಆದರೆ ಇನ್ನೊಂದು ಸುಳ್ಳನ್ನು ಹೇಗೆ — "ಗೊತ್ತಿತ್ತು. ನಿಂಗೆ ಹೇಳು ಅಂತ ಅವತ್ತೇ ಹೇಳಿದ್ರು. ನಾನು ಹೇಳಲಿಲ್ಲ."

"ಅದಕ್ಕೇನಾ," ಎಂದಳು. "ಆಗ ಸ್ವಲ್ಪ ದಿನ ನನ್ ಕೈಲಿ ಸ್ನಾನ ಬೇಡ ಅಂತಿದ್ರು. ಮೈ ಮುಟ್ಟಿದ್ರೆ ಅಳೋರು. ನಾನೇನೋ ತಪ್ಪು ಮಾಡಿದೀನಿ ಅಂದ್ಕೊಂಡಿದ್ದೆ, ಇಷ್ಟು ವರ್ಷ."

ಅದು ನನಗೆ ಗೊತ್ತೇ ಇರಲಿಲ್ಲ. ಆ ದಿನಗಳಲ್ಲಿ ಸ್ನಾನದ ಹೊತ್ತಿಗೆ ನಾನು ಆ ಕೋಣೆಯ ಬಾಗಿಲ ಬಳಿಗೂ ಸುಳಿದವಳಲ್ಲ.

ಅವಳು ಮಡಿಸಿದ್ದ ಸೀರೆಯನ್ನೇ ಬಿಚ್ಚಿ ಮತ್ತೆ ಮಡಿಸಿದಳು. ಆಮೇಲೆ, ನನ್ನನ್ನು ನೇರ ನೋಡಿ: "ಹೋಗಬೇಡ ಕಣೇ ಅಂತ ಒಂದು ಮಾತು ನನ್ನನ್ನೇ ಕೇಳಬಹುದಿತ್ತು. ಅಮ್ಮ ಇರೋ ತನಕ ಇದ್ದು ಆಮೇಲೆ ಹೋಗ್ತಿದ್ನೇನೋ. ಇಲ್ಲ, ಆಗಲ್ಲ ಅಂತಿದ್ನೇನೋ. ನಂಗೇ ಗೊತ್ತಿಲ್ಲ. ನೀವು ಕೇಳಲೇ ಇಲ್ವಲ್ಲ."

ಕ್ಷಮಿಸು ಎಂಬ ಮಾತು ನಾಲಗೆಯ ತುದಿಗೆ ಬಂತು. ಅದು ಅವಳಿಗೆ ಇನ್ನೊಂದು ಕೆಲಸ ಒಪ್ಪಿಸಿದ ಹಾಗೆ ಎನ್ನಿಸಿ ನುಂಗಿಕೊಂಡೆ. ಅವಳು ಎದ್ದು ಕಾಫಿ ಮಾಡಿಕೊಟ್ಟಳು. ಬಸ್ ಸ್ಟಾಪಿನವರೆಗೂ ಜೊತೆಗೆ ನಡೆದು ಬಂದಳು. ಬಸ್ಸು ಬಂದಾಗ ನನ್ನ ಮೊಣಕೈ ಹಿಡಿದು ಹತ್ತಿಸಿದಳು. "ಹುಷಾರಾಗಿ ಹೋಗಿ, ಮೇಡಮ್" ಎಂದಳು. ನಮ್ಮ ಮನೆಗೆ ಬಂದಂದಿನಿಂದ ಅವಳು ನನ್ನನ್ನು ಮೇಡಮ್ ಎಂದದ್ದು ಅದೇ ಮೊದಲು.

ಆ ಉಪನ್ಯಾಸ ಕಾಲೇಜಿನ ಸಂಚಿಕೆಯಲ್ಲಿ ಅಚ್ಚಾಗುವುದರಲ್ಲಿತ್ತು. ಅಕ್ಕರೆಯಿಂದ ಉಳಿದಳೆಂಬ ಮಾತನ್ನು ತೆಗೆಸಿ, ಅದರ ಜಾಗದಲ್ಲಿ ನಡೆದದ್ದನ್ನು ಬರೆದು ಕಳಿಸಿದೆ: ಅವಳಿಗೆ ಹೋಗುವ ಆಸೆಯಿತ್ತು, ಕಾರಣವೂ ಇತ್ತು, ನಾನು ತಡೆದೆ. ಸಂಪಾದಕರು, ಇದು ಬೇಕೇ ಮೇಡಮ್, ಯಾರಿಗೂ ಗೊತ್ತಿಲ್ಲವಲ್ಲ, ಎಂದರು. ಬೇಕು ಎಂದೆ. ಅಚ್ಚಿಗೆ ಹೋಗುವ ಮೊದಲು ಸೆಲ್ವಿಗೆ ಫೋನು ಮಾಡಿ ಓದಿ ಹೇಳಿದೆ. ಕೇಳಿಸಿಕೊಂಡಳು. "ಕಾರಣ ಸರಿಯಾಗಿ ಬರೀರಿ. ಸಂಬಳ ಅಂತ ಹಾಕಬೇಡಿ," ಎಂದಳು. ಹಾಕಲಿಲ್ಲ.

ಈಗ ಅವಳ ಫೋನು ಬರುವುದಿಲ್ಲ. ಭದ್ರಾವತಿ ಏನು ಮಹಾ ದೂರ — ಬಸ್ಸು ಹತ್ತಿದರೆ ತಲುಪಿಬಿಡಬಹುದು. ಮನಸ್ಸು ಹಾರುತ್ತದೆ, ಚಪ್ಪಲಿ ಮೆಟ್ಟಿದ ದಿನಗಳೂ ಇವೆ. ಆದರೂ ಹೋಗುವುದಿಲ್ಲ. ನಾನು ಬರಲಿ ಎನ್ನುವುದೋ ಬೇಡ ಎನ್ನುವುದೋ, ಈ ಸಲ ಅದನ್ನು ಅವಳೇ ಹೇಳಲಿ.