ಕಾಲು ತೋರಿಸುವ ಅಗತ್ಯವಿಲ್ಲ

ಸತ್ಯಕ್ಕೆ ಸಾಕ್ಷಿ ಬೇಕಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಹಿರಿಯರು ಬಹುಶಃ ಸರ್ಕಾರಿ ಕಚೇರಿಗೆ ಹೋದವರಲ್ಲ.

ದುಬೈನಲ್ಲಿ ಅಂಗವಿಕಲರಿಗೆ ಕಾರ್ಡು ಕೊಡುವ ಕಚೇರಿ. ನಮ್ಮ ಸರದಿ ಬಂದದ್ದೇ ತಡ, ನನ್ನ ಹೆಂಡತಿ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ, ಪೋಲಿಯೊ ತಿಂದ ಎಡಗಾಲನ್ನು ಮುಂದೆ ಚಾಚಿದಳು. ಊರಲ್ಲಿ ಬಸ್ ಪಾಸಿಗೂ ಪಿಂಚಣಿಗೂ ಹೀಗೆ ತೋರಿಸಿ ತೋರಿಸಿ, ಅಧಿಕಾರಿಗಳಿಗೆ ಅವಳು ಮಾಡುವ ನಮಸ್ಕಾರವೇ ಅದಾಗಿಬಿಟ್ಟಿದೆ.

"ಇಷ್ಟ ಕಂಡ್ರ ಸಾಕೇನ್ರಿ?" ಎಂದು ನನ್ನನ್ನು ಕೇಳಿದಳು.

ಮೇಜಿನಾಚೆಯ ಅರಬ್ ಅಧಿಕಾರಿಣಿ ಎದ್ದು ಬಂದು, ಬಗ್ಗಿ, ಸೀರೆಯನ್ನು ಪಾದದವರೆಗೆ ಇಳಿಸಿ ನೆರಿಗೆ ಸರಿ ಮಾಡಿದರು. "ಡಾಕ್ಟರ್ ಬರೆದಿದ್ದಾರಲ್ಲ, ಸಾಕಮ್ಮ. ನಿಮಗೇನು ಕಷ್ಟ, ಅದನ್ನು ಹೇಳಿ," ಎಂದರು, ನನಗಿಂತ ಚೆನ್ನಾದ ಹಿಂದಿಯಲ್ಲಿ.

ಹಾಗೆಂದು ಅವಳನ್ನು ಇದುವರೆಗೆ ಯಾರೂ ಕೇಳಿರಲಿಲ್ಲ, ನಾನೂ ಸೇರಿದಂತೆ. ಕಣ್ಣೊರೆಸಿಕೊಂಡು ಧಾರವಾಡದ ಕನ್ನಡದಲ್ಲೇ ಹೇಳಿದಳು: "ಕಾಲಿಂದೇನ್ ಬಿಡವ್ವಾ, ರೂಢಿ ಆಗೇತಿ. ಎಲ್ಲಿಗ್ ಹೋಗಬೇಕಂದ್ರೂ ಇವರ ರಜಾ ಕಾಯೋದ ಕಷ್ಟ."

ಈ ದೂರನ್ನು ಹಿಂದಿಗೆ ಅನುವಾದಿಸುವ ಭಾಗ್ಯ ನನ್ನದಾಯಿತು.

ಕಾರ್ಡು ಬಂತು. ಮೆಟ್ರೋ ಪ್ರಯಾಣ ಪುಕ್ಕಟೆ. ಈಗ ಅವಳು ಮನಸ್ಸು ಬಂದಾಗ ಒಬ್ಬಳೇ ಬರ್ ದುಬೈಗೆ ಹೋಗಿ ಬಟ್ಟೆ ಅಂಗಡಿ ಸುತ್ತುತ್ತಾಳೆ. ಊಟಕ್ಕೆ ನಾನು ಕಾಯುತ್ತೇನೆ.