ಕಾಕಾನ ಕಾರಿಗೆ ಹೊಸ ಬ್ರೇಕು

ಗೆಳೆಯರೇ, ರವಿವಾರ ಕೆಲಗೇರಿ ಕೆರೆಯ ದಂಡೆಯ ಸಹಭೋಜನಕ್ಕೆ ಅಕ್ಕಿ, ಪಾತ್ರೆಗಳನ್ನು ನಮ್ಮ ಕಾಕಾನ ಕಾರಿನಲ್ಲೇ ತರುತ್ತೇನೆ ಎಂದಿದ್ದೆನಲ್ಲ, ಅದು ಇಂದು ಮುಂಜಾನೆ ತಪ್ಪಿಹೋಗುವುದರಲ್ಲಿತ್ತು.

ಕಾಕಾ ಒಂದೇ ಷರತ್ತು ಹಾಕಿದ್ದ: "ಹಿಂದಿನ ಬ್ರೇಕ್ ಸವದಾವ. ಹೊಸಾವು ಹಾಕಿಸಿ ಗಾಡಿ ಒಯ್ಯಿ."

ನಮ್ಮ ಕೆಲಸ ನಾವೇ ಮಾಡಿಕೊಳ್ಳಬೇಕೆಂದು ಕರಪತ್ರಗಳಲ್ಲಿ ಓದಿ ಊರಿಗೆಲ್ಲ ಹೇಳಿದವನು ನಾನು. ಮಿಸ್ತ್ರಿಯನ್ನು ಕರೆಯದೆ, ಅಂಗಳದಲ್ಲಿ ಜಾಕ್ ಏರಿಸಿ ಹಿಂದಿನ ಎರಡೂ ಗಾಲಿ ಬಿಚ್ಚಿದೆ. ಗಾಲಿಯನ್ನು ಒಳಗಿನಿಂದ ಒತ್ತಿ ನಿಲ್ಲಿಸುವ ಹೊಸ ಬ್ರೇಕ್ ಶೂ, ಗಾಲಿಗೆ ಎರಡರಂತೆ ನಾಲ್ಕಿದ್ದವು. ಎರಡರ ಮೇಲೆ ಅಂಟಿಸಿದ ಸವೆಯುವ ಪಟ್ಟಿ ಉದ್ದ, ಎರಡರದು ಗಿಡ್ಡ. ಉದ್ದದವೆರಡನ್ನು ಎಡಗಡೆಯ ಗಾಲಿಗೆ, ಗಿಡ್ಡವೆರಡನ್ನು ಬಲಗಡೆಯ ಗಾಲಿಗೆ ಕೂಡಿಸಿದೆ. ನೋಡಲು ಬಹಳ ಒಪ್ಪವಾಗಿತ್ತು.

ಕಾಕಾನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹೋಗಿ ಓಣಿಯ ತುದಿಯಲ್ಲಿ ಬ್ರೇಕ್ ಒತ್ತಿದರೆ, ಕಾರು ಎಡಕ್ಕೆ ಎಳೆದು ಮಿಸ್ತ್ರಿ ಖಾಸಿಂ ಚಾಚಾರ ಮನೆಯ ಕಟ್ಟೆಗೆ ಗೇಣಷ್ಟು ಉಳಿದಾಗ ನಿಂತಿತು. ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ಚಾಚಾ ಎದ್ದು ಬಂದು, ಗಾಲಿ ಬಿಚ್ಚಿಸಿ ನೋಡಿದರು.

"ಒಂದೊಂದು ಗಾಲಿಗೆ ಉದ್ದಂದೊಂದು, ಗಿಡ್ಡಂದೊಂದು ಜೋಡಿ ಹಾಕಬೇಕೋ ತಮ್ಮಾ. ಇದನ್ನ ಹಿಂಗ ಕೂಡಿಸಿದವ್ರು ಯಾರು?"

"ನಾನs ರೀ ಚಾಚಾ."

"ರವಿವಾರ ಎಲ್ಲಾ ಜಾತಿಯವ್ರನ್ನ ಒಂದs ಪಂಕ್ತ್ಯಾಗ ಕೂಡಸ್ತೀನಿ ಅಂತ ಚೀಟಿ ಹಂಚಿದಾಂವನೂ ನೀನs ಅಲ್ಲೇನು?"

ಕಾಕಾ ನಕ್ಕಿದ್ದು ಓಣಿಗೆಲ್ಲ ಕೇಳಿಸಿತು.

ಚಾಚಾ ಹೇಳಿದಂತೆ ಬದಲಿಸಿದ್ದೇನೆ, ಕಾರು ಈಗ ನೆಟ್ಟಗೆ ನಿಲ್ಲುತ್ತದೆ. ಚಾಚಾ ರವಿವಾರ ಊಟಕ್ಕೂ ಬರುತ್ತಾರೆ. ಎಲೆ ಹಾಕಿದ ಮೇಲೆ ಯಾರನ್ನು ಯಾರ ಪಕ್ಕ ಕೂಡಿಸಬೇಕೆಂಬ ಕೆಲಸವನ್ನು ಅವರಿಗೇ ಒಪ್ಪಿಸಿದ್ದೇನೆ.