ಮೇವಕ್ಕನ ಕೈ, ಅತ್ತೆಯ ಮೂಗು

ಇನ್ನೂ ಬೆಳಕು ಹರಿದಿಲ್ಲ. ಹಿತ್ತಲ ಬಾಗಿಲ ಮೇಲೆ ಉರಿಯುವ ಒಂಟಿ ಬಲ್ಬಿನ ಕೆಳಗೆ ನೀಲಿ ಟಾರ್ಪಾಲು ಹಾಸಿದೆ. ಅದರ ನಡುವೆ ನುಚ್ಚು ಮಾಡಿದ ಮೆಕ್ಕೆಜೋಳದ ಗುಡ್ಡೆ, ಪಕ್ಕದಲ್ಲಿ ಅಕ್ಕಿ ತೌಡು, ಒಂದು ತಗಡಿನ ಡಬ್ಬಿಯಲ್ಲಿ ಒಣಮೀನಿನ ಪುಡಿ, ಇನ್ನೊಂದರಲ್ಲಿ ಕುಟ್ಟಿದ ಕಪ್ಪೆಚಿಪ್ಪು. ಮೂಗು ಬಾಯಿ ಮುಚ್ಚುವಂತೆ ಬಟ್ಟೆ ಕಟ್ಟಿಕೊಂಡ ಹೆಂಗಸೊಬ್ಬರು ಸಲಿಕೆಯಿಂದ ಗುಡ್ಡೆಯ ಬುಡವನ್ನು ಎತ್ತಿ ಎತ್ತಿ ಅದರ ನೆತ್ತಿಯ ಮೇಲೆ ಸುರಿಯುತ್ತಿದ್ದಾರೆ. ಸ್ವಲ್ಪ ಹೊತ್ತಿಗೊಮ್ಮೆ ಸೊಂಟ ಹಿಡಿದು ನಿಲ್ಲುತ್ತಾರೆ. ತಂತಿಬಲೆಯ ಆಚೆ ಕೋಳಿಗಳು ಆಗಲೇ ಗೊಣಗಲು ಶುರುಮಾಡಿವೆ.

"ಬಂದೆ ಕಣ್ರೇ, ಬಂದೆ. ನಂಗೂ ಇರೋದು ಎರಡೇ ಕೈ," ಎಂದು ಬಲೆಯ ಕಡೆ ತಿರುಗಿ ಹೇಳುತ್ತಾರೆ. ಕೋಳಿಗಳಿಗೆ ಈ ಸಮಜಾಯಿಷಿ ಹಿಡಿಸಿದಂತೆ ಕಾಣುವುದಿಲ್ಲ.

ಆಮೇಲೆ ಬಾಗಿಲ ಕಡೆ ತಿರುಗಿ ದನಿ ಏರಿಸುತ್ತಾರೆ. "ಅತ್ತೆ, ಹಿಂಡಿ ಚೀಲ ಬಿಚ್ತಾ ಇದೀನಿ."

ಬಾಗಿಲ ಪಕ್ಕದ ಬೆತ್ತದ ಕುರ್ಚಿಯಿಂದ ಎಂಬತ್ತರ ಹತ್ತಿರದ ಮುದುಕಿಯೊಬ್ಬರು ಏಳುತ್ತಾರೆ. ಎರಡೂ ಕಣ್ಣಿಗೆ ಪೊರೆ. ಚೌಕಟ್ಟು ಹಿಡಿದು, ಗೋಡೆ ಸವರಿಕೊಂಡು ಬಂದು, ಚೀಲದ ಬಾಯೊಳಗೆ ಬಾವಿ ಇಣುಕುವವರ ಹಾಗೆ ಮುಖ ಇಳಿಸುತ್ತಾರೆ. ಒಂದು ದೀರ್ಘ ಉಸಿರು. ಕೈ ಹಾಕಿ ತಳದಿಂದ ಒಂದು ಮುಷ್ಟಿ ತೆಗೆದು ಮತ್ತೊಮ್ಮೆ ಮೂಸುತ್ತಾರೆ.

"ಹೂಂ. ಸುರಿ."

ಅಷ್ಟು ಹೇಳಿ ಮತ್ತೆ ಹೋಗಿ ಕೂರುತ್ತಾರೆ. ಕಡಲೆಕಾಯಿ ಹಿಂಡಿ ಗುಡ್ಡೆಯ ಮೇಲೆ ಬೀಳುತ್ತದೆ. ಸಲಿಕೆ ಮತ್ತೆ ಆಡುತ್ತದೆ.

ಓಣಿಯವರಿಗೆಲ್ಲ ಈ ಸೊಸೆ 'ಮೇವಕ್ಕ'. ಹಳೆಯ ಗೋದಾಮುಗಳ ಬೆನ್ನಿಗೆ ಅಂಟಿಕೊಂಡ ಓಣಿ ಇದು. ಮನೆಗಳು ಚಿಕ್ಕವು, ಆದರೆ ಪ್ರತಿ ಮನೆಯ ಹಿಂದೆಯೂ ಬಟ್ಟೆ ಒಣಗಿಸಲು ಸಾಕಾಗುವಷ್ಟು ಹಿತ್ತಲು. ಅಲ್ಲಿ ಆರೋ ಹತ್ತೋ ಕೋಳಿ. ಮಕ್ಕಳ ತಟ್ಟೆಗೆ ಮೊಟ್ಟೆ, ಉಳಿದದ್ದು ಮೂಲೆ ಅಂಗಡಿಗೆ. ಆ ಕೋಳಿಗಳೆಲ್ಲ ತಿನ್ನುವುದು ಈ ಟಾರ್ಪಾಲಿನ ಮೇಲೆ ಕಲಸಿದ ಮೇವನ್ನು. ದಿನಕ್ಕೆ ಸುಮಾರು ನಲವತ್ತು ಕಿಲೊ. ಮೊಟ್ಟೆ ಇಡುವ ಕೋಳಿಗೆ ಚಿಪ್ಪು ಹೆಚ್ಚು, ಮರಿಗಳಿಗೆ ಎಲ್ಲವೂ ಸಣ್ಣ ಜರಡಿಯಲ್ಲಿ ಇಳಿದದ್ದು. ಗರಿ ಉದುರುವ ಕಾಲದಲ್ಲಿ ಮೀನಿನ ಪುಡಿ ಒಂದು ಹಿಡಿ ಜಾಸ್ತಿ.

ಮೊದಲು ಮೇವಕ್ಕ ದೊಡ್ಡದೊಂದು ಮೇವಿನ ಕಾರ್ಖಾನೆಯಲ್ಲಿ ಚೀಲ ಹೊಲಿಯುತ್ತಿದ್ದರು. ಧೂಳಿಗೆ ಕೆಮ್ಮು ಹತ್ತಿತು. ರಾತ್ರಿಯಿಡೀ ಕೆಮ್ಮಿ, ಬೆಳಗ್ಗೆ ಮತ್ತೆ ಅದೇ ಧೂಳಿಗೆ ಹೋಗುವುದು ಸಾಕೆನಿಸಿ ಕೆಲಸ ಬಿಟ್ಟರು. ಆಗ ಮನೆಯಲ್ಲಿದ್ದ ಕೋಳಿಗಳು ಮುಟ್ಟಿದರೆ ಒಡೆಯುವಂಥ ತೆಳು ಮೊಟ್ಟೆ ಇಡುತ್ತಿದ್ದವು. ಅಂಗಡಿಯ ಮೇವು ತರುವ ಶಕ್ತಿ ಇರಲಿಲ್ಲ. ಕಾರ್ಖಾನೆಯಲ್ಲಿ ಕಂಡದ್ದನ್ನು ನೆನಪಿಸಿಕೊಂಡು ಒಂದು ಬೋಗುಣಿಯಲ್ಲಿ ಕಲಸಿ ನೋಡಿದರು. ಮೊದಲ ಸಲ ಕೋಳಿಗಳು ಜೋಳ ಮಾತ್ರ ಆರಿಸಿ ತಿಂದು ಉಳಿದದ್ದನ್ನು ಕಾಲಲ್ಲಿ ಕೆದರಿ ಎಸೆದವು. ಜೋಳವನ್ನು ಇನ್ನೂ ಸಣ್ಣ ಮಾಡಿದರು. ತಿಂದವು. ಮೊಟ್ಟೆ ಗಟ್ಟಿಯಾಯಿತು. ಬೇಲಿಯಾಚೆಯವರು ನೋಡಿ, "ನಮಗೂ ಒಂದಿಷ್ಟು ಕಲಸಿ ಕೊಡೇ," ಎಂದರು.

"ಕಾರ್ಖಾನೆ ಬಿಟ್ಟು ಬಂದೆ ಅಂದ್ಕೊಂಡಿದ್ದೆ. ನೋಡಿದ್ರೆ ಅದನ್ನೇ ಮನೆಗೆ ಕರ್ಕೊಂಡು ಬಂದಿದೀನಿ," ಎಂದು, ನಾನು ಬರೆದುಕೊಳ್ಳುವುದನ್ನು ನೋಡಿ ನಗುತ್ತಾರೆ. ನಗು ಬೇಗ ಮುಗಿಯುತ್ತದೆ. "ಸುಸ್ತು ಅನ್ನೋದು ತೌಡಿನ ಥರ. ಎಷ್ಟು ತೊಳ್ಕೊಂಡ್ರೂ ಮೈಮೇಲೆ ಎಲ್ಲೋ ಒಂದ್ಕಡೆ ಉಳ್ಕೊಂಡೇ ಇರುತ್ತೆ."

ಗಂಡ ಶೀತಲಗೃಹವೊಂದರಲ್ಲಿ ರಾತ್ರಿ ಕಾವಲುಗಾರ. ಇವರು ಸಲಿಕೆ ಕೆಳಗಿಡುವ ಹೊತ್ತಿಗೆ ಅವರು ಮನೆಗೆ ಬಂದು ಮಲಗುತ್ತಾರೆ. ಮಗಳು ಮದುವೆಯಾಗಿ ಬೇರೆ ಊರಲ್ಲಿದ್ದಾಳೆ. ಹಾಗಾಗಿ ಹಗಲೆಲ್ಲ ಈ ಮನೆಯಲ್ಲಿ ಎಚ್ಚರವಾಗಿರುವುದು ಅತ್ತೆ ಸೊಸೆ ಇಬ್ಬರೇ. ಇಬ್ಬರೂ ಬಹಳ ವರ್ಷ ಬೇಕಾದಷ್ಟೇ ಮಾತಾಡಿಕೊಂಡು ಬಂದವರು. ಅತ್ತೆಗೆ ಕೋಳಿ ಎಂದರೆ ಆಗದು. ಗಲೀಜು, ಗಲಾಟೆ, ಗರಿ. ಆಗ ಮೇವಿನ ಕೆಲಸ ನಡೆಯುತ್ತಿದ್ದ ಹಿತ್ತಲ ತುದಿಯ ಶೆಡ್ಡಿಗೆ ಅವರು ಒಂದು ದಿನವೂ ಕಾಲಿಟ್ಟವರಲ್ಲ. "ಮನೆ ಅನ್ನೋದು ಮನೆ ಥರ ಇರ್ಬೇಕು, ಗೂಡಿನ ಥರ ಅಲ್ಲ," ಎಂಬುದು ಅವರ ದಿನನಿತ್ಯದ ಮಾತು. ಮೇವಕ್ಕ ಅದನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಡುತ್ತಿದ್ದರು.

ಎರಡು ವರ್ಷದ ಹಿಂದೆ ಮೇವಕ್ಕನಿಗೆ ಜ್ವರ ಬಂತು. ವಾರದಲ್ಲಿ ಬಿಟ್ಟಿತು. ಎದ್ದು ಓಡಾಡತೊಡಗಿದ ಮೇಲೆ ಒಂದು ಬೆಳಗ್ಗೆ ಒಲೆಯ ಮೇಲೆ ಹಾಲಿಟ್ಟು ಪಕ್ಕದಲ್ಲೇ ಪಾತ್ರೆ ಉಜ್ಜುತ್ತಿದ್ದರು. "ಮನೆಗೆ ಬೆಂಕಿ ಬಿತ್ತಾ?" ಎಂದು ಅತ್ತೆ ಒಳಗಿನ ಕೋಣೆಯಿಂದ ಕೂಗಿದಾಗಲೇ ತಿರುಗಿ ನೋಡಿದ್ದು. ಹಾಲು ಸೀದು ಪಾತ್ರೆಯ ತಳ ಕಪ್ಪಾಗಿತ್ತು. ಇವರಿಗೆ ಏನೂ ಗೊತ್ತಾಗಿರಲಿಲ್ಲ.

ಮೇವಿನ ಡಬ್ಬಿಗಳ ಮುಚ್ಚಳ ಒಂದೊಂದೇ ತೆಗೆದು ಮೂಗಿಗೆ ಹಿಡಿದರು. ಒಣಮೀನಿನ ಪುಡಿಯೂ ತೌಡೂ ಒಂದೇ. ಎರಡರಲ್ಲೂ ಏನೂ ಇಲ್ಲ. ವೈದ್ಯರ ಹತ್ತಿರ ಹೋದರೆ, ವಾಸನೆ ಮರಳಿ ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದರು.

"ಯಾರಿಗೂ ಹೇಳ್ಲಿಲ್ಲ. ಗಂಡನಿಗೂ ಹೇಳ್ಲಿಲ್ಲ. ಈ ಕೆಲ್ಸದಲ್ಲಿ ಕಣ್ಣು ಅರ್ಧ, ಮೂಗು ಅರ್ಧ. ಬೂಷ್ಟು ಕಣ್ಣಿಗೆ ಬೀಳೋಕೆ ಮುಂಚೆ ಮೂಗಿಗೆ ಬೀಳುತ್ತೆ. ಮೂಗಿಲ್ಲದವಳ ಹತ್ರ ಮೇವು ಯಾರು ತಗೋತಾರೆ ಹೇಳಿ?" ಎನ್ನುತ್ತಾ ಕೈಗೆ ಅಂಟಿದ ತೌಡನ್ನು ಉಜ್ಜಿಕೊಳ್ಳುತ್ತಾರೆ. "ಕಣ್ಣಲ್ಲಿ ನೋಡಿ, ಕೈಯಲ್ಲಿ ಹಿಸುಕಿ, ನಾಲಿಗೆಗಿಟ್ಟು ನೋಡಿ ಹೇಗೋ ದಿನ ದೂಡಿದೆ. ಪ್ರತಿ ಚೀಲಾನೂ ದೇವ್ರ ಮೇಲೆ ಭಾರ ಹಾಕಿ ಬಿಚ್ತಿದ್ದೆ."

ಮಳೆಗಾಲ ಶುರುವಾಯಿತು. ಒಂದು ಹಿಂಡಿ ಚೀಲದ ಮೇಲಿನ ಅರ್ಧ ಖರ್ಚಾಗಿ, ಅದರ ಮೇವು ನಾಲ್ಕು ಮನೆಗೆ ಹೋಗಿತ್ತು. ಒಂದು ರಾತ್ರಿ ಗಾಳಿ ಮಳೆಗೆ ಶೆಡ್ಡಿನ ತಗಡು ಹಾರಿತು. ಬೆಳಗ್ಗೆ ಬೇರೆ ದಾರಿಯಿಲ್ಲದೆ ಮೇವಕ್ಕ ಟಾರ್ಪಾಲನ್ನು ಹಿತ್ತಲ ಬಾಗಿಲಿಗೆ ತಂದು ಹಾಸಿ, ಉಳಿದ ಹಿಂಡಿಯನ್ನು ಅಲ್ಲೇ ಕುಟ್ಟತೊಡಗಿದರು. ಅತ್ತೆ ಬಾಗಿಲ ಒಳಗೆ ಕೂತಿದ್ದರು.

"ಏನೇ ಅದು, ಒದ್ದೆ ಚಾಪೆ ವಾಸನೆ?" ಎಂದರು ಅತ್ತೆ.

ಮೇವಕ್ಕನಿಗೆ ರೇಗಿತು. ಶೆಡ್ಡು ಹಾರಿಹೋಗಿದೆ, ಕೈ ಸೋತಿದೆ, ಈಗ ಇದೊಂದು ತಕರಾರು. "ಮಳೆ ಬಂದಿದೆ ಅತ್ತೆ. ಎಲ್ಲಾ ಒದ್ದೆ," ಎಂದು ಇನ್ನೂ ಜೋರಾಗಿ ಕುಟ್ಟಿದರು.

ಅತ್ತೆ ಎದ್ದರು. ಗೋಡೆ ಹಿಡಿದು ಹೊಸ್ತಿಲು ದಾಟಿ ಬಂದು, ಬಗ್ಗಿ ಚೀಲ ತಡವಿ, ಮುಖ ಒಳಗಿಟ್ಟರು. ತಟಕ್ಕನೆ ಮುಖ ಎತ್ತಿದರು. "ಇದು ಕೆಟ್ಟಿದೆ. ತಳಕ್ಕೆ ತಳವೇ ಬೂಷ್ಟು. ಇದನ್ನ ಕೋಳಿಗೆ ಹಾಕ್ತೀಯಾ?" ಪೊರೆಗಣ್ಣುಗಳು ಸೊಸೆಯ ಉಸಿರು ಕೇಳಿಬರುತ್ತಿದ್ದ ಕಡೆ ತಿರುಗಿದವು. "ನಿಂಗೆ ವಾಸನೆ ಬರ್ತಾ ಇಲ್ವಾ?"

"ಆಗ ಕೂತ್ಬಿಟ್ಟೆ," ಎನ್ನುತ್ತಾರೆ ಮೇವಕ್ಕ. "ಆ ಹಿಂಡಿ ಗುಡ್ಡೆ ಪಕ್ಕದಲ್ಲೇ. ಅಷ್ಟು ದಿನ ಬಚ್ಚಿಟ್ಟಿದ್ದೆಲ್ಲ ಅಳುವಾಗಿ ಬಂತು. ಅತ್ತೆ ಸಮಾಧಾನ ಗಿಮಾಧಾನ ಏನೂ ಮಾಡ್ಲಿಲ್ಲ. 'ಅಳೋದು ಆಮೇಲೆ ಅಳು. ಇದು ಯಾರ್ಯಾರ ಮನೆಗೆ ಹೋಗಿದೆ, ಮೊದ್ಲು ಹೋಗಿ ವಾಪಸ್ ತಗೊಂಬಾ' ಅಂದ್ರು."

ಸುರಿಯುವ ಮಳೆಯಲ್ಲಿ ತಲೆಗೊಂದು ಖಾಲಿ ಚೀಲ ಹಾಕಿಕೊಂಡು ಹೊರಟರು. ಮೂರು ಮನೆಗಳಲ್ಲಿ ಹಳೆಯ ಮೇವೇ ಮುಗಿದಿರಲಿಲ್ಲ, ಹೊಸದನ್ನು ಮುಟ್ಟಿರಲಿಲ್ಲ. ನಾಲ್ಕನೆಯದು ಓಣಿಯ ಕೊನೆಯಲ್ಲಿ ಒಬ್ಬಂಟಿಯಾಗಿರುವ ದರ್ಜಿಯದು. ಹೆಂಡತಿ ಸಾಕಿದ್ದ ಕೋಳಿಗಳನ್ನು ಆಕೆ ತೀರಿಕೊಂಡ ಮೇಲೂ ಮಾರದೆ ಉಳಿಸಿಕೊಂಡವರು ಅವರು. ಮೇವಕ್ಕ ಹೋದಾಗ ಗೂಡಿನ ಮುಂದೆ ಕೂತಿದ್ದರು. ಎರಡು ಕೋಳಿ ಆಗಲೇ ಸತ್ತಿದ್ದವು. ಕೆಂಪು ಕುತ್ತಿಗೆಯ ಇನ್ನೊಂದು ಅವರ ತೊಡೆಯ ಮೇಲೆ ತಲೆ ಜೋಲಿಸಿಕೊಂಡು ಮಲಗಿತ್ತು.

"ಏನೋ ರೋಗ ಬಂದಿರ್ಬೇಕು ಕಣಮ್ಮ," ಎಂದರು ದರ್ಜಿ.

ಅಷ್ಟಕ್ಕೇ ಬಿಡಬಹುದಿತ್ತು. ಮಳೆಗಾಲ, ಕೋಳಿಗೆ ರೋಗ, ಯಾರೂ ಪ್ರಶ್ನೆ ಮಾಡುತ್ತಿರಲಿಲ್ಲ. ಮೇವಕ್ಕ ಬಾಗಿಲಲ್ಲಿ ನೀರಿಳಿಸಿಕೊಂಡು ನಿಂತು, "ರೋಗ ಅಲ್ಲ ಅಣ್ಣ. ನನ್ನ ಮೇವು," ಎಂದರು. ಮೂಗಿನ ವಿಷಯವನ್ನೂ ಹೇಳಿದರು.

ದರ್ಜಿ ಕೋಳಿಯ ಬೆನ್ನು ಸವರಿದರು. "ಮೊದ್ಲೇ ಹೇಳಿದ್ರೆ ಆಗ್ತಿರ್ಲಿಲ್ವಾ?" ಎಂದಷ್ಟೇ ಕೇಳಿದರು. ಆ ಕೋಳಿಯೂ ಸಂಜೆಗೆ ಹೋಯಿತು. ಮರುದಿನ ಮೇವಕ್ಕ ತಮ್ಮ ಹಿತ್ತಲಿನ ಮೂರು ಕೋಳಿಗಳನ್ನು ಬುಟ್ಟಿಯಲ್ಲಿ ಒಯ್ದರೆ, ದರ್ಜಿ ಬಾಗಿಲು ತೆರೆಯಲಿಲ್ಲ.

ಸುದ್ದಿ ಹರಡಿತು. ಗಿರಾಕಿಗಳಲ್ಲಿ ಅರ್ಧಕ್ಕರ್ಧ ಮಂದಿ ಬೇರೆ ಕಡೆ ಹೋದರು. ಮೇವಕ್ಕ ಸಲಿಕೆ, ಜರಡಿ ತೊಳೆದು ಅಟ್ಟಕ್ಕೆ ಏರಿಸಿದರು. ಅವನ್ನು ಇಳಿಸಿದ್ದು ಅತ್ತೆ. ಇಳಿಸಿದ್ದು ಎಂದರೆ, ಬೆಳಗಿನ ನಿದ್ದೆಯಲ್ಲಿದ್ದ ಮಗನನ್ನು ಎಬ್ಬಿಸಿ ಅವರ ಕೈಯಲ್ಲಿ ಇಳಿಸಿದ್ದು. "ಚೀಲ ಬಿಚ್ಚೋವಾಗ ನನ್ನ ಕರಿ," ಎಂದರು ಸೊಸೆಗೆ. "ಕಣ್ಣು ಹೋಗಿದೆ, ಮೂಗು ಇನ್ನೂ ಜಾಗದಲ್ಲೇ ಇದೆ."

ಅಂದಿನಿಂದ ಅತ್ತೆ ಮೂಸದ ಮೇವು ಈ ಮನೆಯಿಂದ ಹೊರಗೆ ಹೋಗಿಲ್ಲ. ತಂದ ಚೀಲಗಳಲ್ಲಿ ಎಷ್ಟನ್ನೋ ಅವರು ಬೇಡವೆಂದಿದ್ದಾರೆ. ವ್ಯಾಪಾರಿ ಈಗೀಗ ಇವರ ಮನೆಗೆ ಚೀಲ ಕಳಿಸುವ ಮುಂಚೆ ತಾನೇ ಒಮ್ಮೆ ಮೂಸಿ ನೋಡುತ್ತಾನಂತೆ. ಅತ್ತೆಗೆ ನೆಗಡಿಯಾದರೆ ಮೇವಿನ ಕೆಲಸಕ್ಕೆ ರಜೆ. ಆ ದಿನಗಳಲ್ಲಿ ಮೇವಕ್ಕ ಗಂಟೆಗೊಮ್ಮೆ ಬಿಸಿನೀರು ಕಾಯಿಸಿ ಹಬೆ ಹಿಡಿಸುತ್ತಾರೆ. "ನನ್ನ ಮೇಲಿನ ಪ್ರೀತಿಗಲ್ಲ, ಹಿಂಡಿ ಮೇಲಿನ ಪ್ರೀತಿಗೆ," ಎಂದು ಮುದುಕಿ ಮುಸುಕಿನೊಳಗಿಂದ ಗೊಣಗುತ್ತಾರೆ.

ದರ್ಜಿ ಮರಳಿ ಬರಲು ಮುಂದಿನ ಬೇಸಿಗೆಯೇ ಬೇಕಾಯಿತು. ಅದಕ್ಕೂ ಕಾರಣ ಅತ್ತೆಯೇ. ಒಂದು ಮಧ್ಯಾಹ್ನ ಸೊಸೆ ಮಲಗಿದ್ದಾಗ, ಒಬ್ಬರೇ ಗೋಡೆಗೋಡೆ ಹಿಡಿದು ಓಣಿಯ ಕೊನೆಯವರೆಗೆ ಹೋಗಿದ್ದಾರೆ. ಹೊಲಿಗೆ ಯಂತ್ರದ ಸದ್ದು ಕೇಳಿದಲ್ಲಿ ನಿಂತಿದ್ದಾರೆ. ಮುಂದೆ ನಡೆದದ್ದನ್ನು ದರ್ಜಿಯೇ ನನಗೆ ಹೇಳಿದರು.

"ಅಜ್ಜಿ ಒಳಗೂ ಬರ್ಲಿಲ್ಲ. 'ನನ್ನ ಸೊಸೆ ತಪ್ಪು ಮಾಡಿದ್ಲು, ತಾನಾಗೇ ಬಂದು ಹೇಳಿದ್ಲು. ಹೇಳದೆ ಇದ್ದಿದ್ರೆ ನಿಂಗೆ ಗೊತ್ತಾಗ್ತಿತ್ತಾ? ಈಗ ಮೂಸೋಳು ನಾನು. ಬೇಕಾದ್ರೆ ಬಾ, ಬೇಡದಿದ್ರೆ ಬಿಡು' ಅಂದ್ರು. ವಾಪಸ್ ಕೈ ಹಿಡ್ಕೊಂಡು ಮನೆ ಮುಟ್ಟಿಸಿದೆ. ಹೋದೋನು ಬರಿಗೈಲಿ ಬರೋದು ಹೇಗೆ ಅಂತ ಐದು ಕಿಲೊ ಮೇವು ತಂದೆ."

ಈಗ ಹಳೆಯ ಗಿರಾಕಿಗಳಲ್ಲಿ ಹೆಚ್ಚಿನವರು ಹಿಂತಿರುಗಿದ್ದಾರೆ. ಕೆಲಸ ಹಗುರಾಗಿಲ್ಲ. ಮೇವಕ್ಕನ ಬಲಭುಜ ಮೇಲೇಳುವುದಿಲ್ಲ, ಸಲಿಕೆ ಎಡಗೈಗೆ ಬಂದಿದೆ. ಕೆಮ್ಮು ಪೂರ್ತಿ ಹೋಗಿಲ್ಲ. ವಾಸನೆ ಮರಳಿಲ್ಲ. ಮಗಳು ಬಂದಾಗಲೆಲ್ಲ, "ಸಾಕು ಬಿಡಮ್ಮ, ಇಬ್ರೂ ಸೇರಿ ಒಂದು ಪೂರ್ತಿ ಮನುಷ್ಯ ಆಗ್ತೀರಿ ಅಷ್ಟೆ," ಎನ್ನುತ್ತಾಳೆ. ಅತ್ತೆಯ ನಂತರ ಏನು ಎಂಬ ಪ್ರಶ್ನೆಯನ್ನು ನಾನು ಕೇಳಲಿಲ್ಲ. ಮೇವಕ್ಕನೇ ಹೇಳಿದರು: "ಅದನ್ನ ಯೋಚ್ನೆ ಮಾಡೋಕೆ ಬಿಡುವಿಲ್ಲ. ಬಿಡುವಿದ್ದಾಗ ನಿದ್ದೆ ಬರುತ್ತೆ."

ಬೆಳಕು ಹರಿದಿದೆ. ಡಬ್ಬಿಗಳಿಗೆ ಮೇವು ತುಂಬಿ ಮುಗಿದಿದೆ. ಗೋಡೆಗೆ ಒರಗಿ ಕಾಲು ಚಾಚಿ ಕೂತ ಮೇವಕ್ಕನನ್ನು, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಕಣ್ಣು ಮುಚ್ಚಿಕೊಂಡೇ ಉತ್ತರಿಸುತ್ತಾರೆ.

"ದೊಡ್ಡದೇನಿಲ್ಲ. ಈ ಮನೆಗೆ ಬಂದು ಇಷ್ಟು ವರ್ಷ ಆಯ್ತು. ನನ್ನ ಕೆಲ್ಸ ಚೆನ್ನಾಗಿದೆ ಅಂತ ಅತ್ತೆ ಬಾಯಿಂದ ಒಂದೇ ಒಂದು ಸಲ ಕೇಳ್ಬೇಕು."

ಬಾಗಿಲ ಪಕ್ಕದ ಬೆತ್ತದ ಕುರ್ಚಿ ಕಿರುಗುಟ್ಟುತ್ತದೆ.

"ಚೆನ್ನಾಗಿಲ್ದೆ ಇದ್ದಿದ್ರೆ, ಈ ವಯಸ್ಸಲ್ಲಿ ನಾನ್ಯಾಕೆ ಕೋಳಿಗಿಂತ ಮುಂಚೆ ಎದ್ದು ಇಲ್ಲಿ ಕೂರ್ತಿದ್ದೆ?"

ಮೇವಕ್ಕ ಕಣ್ಣು ತೆರೆಯುತ್ತಾರೆ. ಅತ್ತೆಯ ಕಡೆ ನೋಡುವುದಿಲ್ಲ, ನನ್ನ ಕಡೆ ಬಾಗಿ ಪಿಸುಗುಟ್ಟುತ್ತಾರೆ.

"ಬರ್ಕೊಂಡ್ರಾ? ಬೇಗ ಬರ್ಕೊಳ್ಳಿ. ಇನ್ನೊಂದ್ಸಲ ಹೇಳೋರಲ್ಲ ಅವ್ರು."